ಐದು ಹತ್ತಕ್ಕೆ ಬಂದ ಅರ್ಜಿ

ಪಟ್ಟಿಯ ಏಳನೆಯ ಹೆಸರನ್ನು ಓದಿದ ಕೂಡಲೇ ಕರಿಬಸಯ್ಯನಿಗೆ, ಜ್ವರ ಬಂದಿದೆಯೆಂದು ಹೇಳಬಹುದೇ ಎಂಬ ವಿಚಾರ ಹೊಳೆಯಿತು. ಆದರೆ ಹತ್ತು ನಿಮಿಷದ ಹಿಂದಷ್ಟೇ ಕ್ಯಾಂಟೀನಿನಲ್ಲಿ ಎಲ್ಲರೆದುರು ಒಂದು ಪ್ಲೇಟು ಮಂಡಕ್ಕಿ ಸುಸಲಾ ತಿಂದು, ಸಾಲದೆಂದು ಎರಡು ಮಿರ್ಚಿ ತರಿಸಿಕೊಂಡಿದ್ದ. ಅಂಥ ಮನುಷ್ಯನ ಜ್ವರವನ್ನು ಯಾರು ನಂಬುತ್ತಾರೆ? ಐವತ್ತೈದರ ವಯಸ್ಸಿನಲ್ಲಿ, ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನ ಮೇಲೆ, ಒಂದು ಸುಳ್ಳು ಜ್ವರಕ್ಕೆ ಬೇಕಾದ ಮುಂದಾಲೋಚನೆಯೂ ತನ್ನಲ್ಲಿಲ್ಲವಲ್ಲ ಎಂದು ಬೈದುಕೊಳ್ಳುತ್ತ ಅವನು ಪಟ್ಟಿಯನ್ನು ಮತ್ತೊಮ್ಮೆ ಓದಿದ. ಲಿಂಗಸುಗೂರಿನ ಖಾಸಗಿ ಪದವಿ ಕಾಲೇಜೊಂದರ ಮಾನ್ಯತೆಯನ್ನು ನವೀಕರಿಸುವ ಮೊದಲು ಅಲ್ಲಿಯ ಕಟ್ಟಡ, ಪುಸ್ತಕ, ಪಾಠ ಹೇಳುವವರ ಅರ್ಹತೆ ಎಲ್ಲವನ್ನೂ ನೋಡಿ ಬರಲು ವಿಶ್ವವಿದ್ಯಾಲಯ ಇಬ್ಬರ ಸಮಿತಿ ಮಾಡಿತ್ತು. ಅಧ್ಯಕ್ಷರು ಪ್ರೊಫೆಸರ್ ಹನುಮಂತರಾಯ. ಕಾಗದಪತ್ರ ನೋಡುವ ಸದಸ್ಯ, ಸಂಶೋಧನಾ ವಿಭಾಗದ ಅಧೀಕ್ಷಕ ಕರಿಬಸಯ್ಯ. ಕಾಲೇಜಿನವರು ಕಳಿಸಿದ್ದ ಅಧ್ಯಾಪಕರ ಪಟ್ಟಿಯಲ್ಲಿ ಏಳನೆಯ ಸಾಲು ಹೀಗಿತ್ತು: ಮಹಾಲಕ್ಷ್ಮಿ, ಎಂ.ಎ., ಅತಿಥಿ ಉಪನ್ಯಾಸಕಿ, ಸಮಾಜಶಾಸ್ತ್ರ. ಷರಾ ಕಾಲಮ್ಮಿನಲ್ಲಿ ಯಾರೋ ಪ್ರಾಮಾಣಿಕರು ಬರೆದಿದ್ದರು: ‘ಪಿಎಚ್.ಡಿ. ನೋಂದಣಿ ರದ್ದು.’

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರು ತಾಲೂಕು ಸೇರಿದರೆ ಮಹಾಲಕ್ಷ್ಮಿ ಎಂಬ ಹೆಸರಿನವರು ಸಾವಿರ ಮಂದಿಯಾದರೂ ಇರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ. ಅವರಲ್ಲಿ ಸಮಾಜಶಾಸ್ತ್ರ ಓದಿದವರು ನೂರು. ನೋಂದಣಿ ರದ್ದಾದವರು? ಆ ಲೆಕ್ಕ ಅವನಿಗೆ ಬಾಯಿಪಾಠವಿತ್ತು. ಒಬ್ಬಳೇ. ರದ್ದತಿಯ ಟಿಪ್ಪಣಿಯನ್ನು ಬರೆದವನೂ ಅವನೇ. ಒಳ್ಳೆಯ ಟಿಪ್ಪಣಿ ಅದು, ಒಂದು ಪುಟ ಮೀರದ್ದು, ಕುಲಸಚಿವರು ಒಂದೇ ಓದಿಗೆ ಸಹಿ ಹಾಕಿದ್ದು.

‘ಏನ್ರಿ ಕರಿಬಸಯ್ಯ, ಹೊಂಡೂಣೇನು? ಹನ್ನೊಂದಕ್ಕ ಬರ್ತೀವಿ ಅಂತ ಫೋನ್ ಮಾಡೀನಿ. ಹೋಳಿಗಿ ಮಾಡ್ಸ್ಯಾರಂತ’ ಎನ್ನುತ್ತ ಹನುಮಂತರಾಯರು ಬಾಗಿಲಲ್ಲಿ ನಿಂತರು. ಯಾವ ಕಾಲೇಜಿನ ತಪಾಸಣೆಗೆ ಹೋದರೂ ಅವರು ಮೊದಲು ವಿಚಾರಿಸುತ್ತಿದ್ದುದು ಇದನ್ನೇ. ಸಿಂಡಿಕೇಟಿನ ಸದಸ್ಯರು, ದೊಡ್ಡ ದನಿಯವರು, ಕೆಟ್ಟವರಲ್ಲ. ಕರಿಬಸಯ್ಯ ಪಟ್ಟಿಯನ್ನು ಮಡಚಿ ಕಡತದೊಳಗಿಟ್ಟು, ‘ನಡೀರಿ ಸರ್’ ಎಂದ. ಜ್ವರ ಅಲ್ಲಿಗೆ ಬಿಟ್ಟಿತು.

ವಿಶ್ವವಿದ್ಯಾಲಯದ ಕಾರನ್ನು ಮೌಲಾಹುಸೇನ ನಡೆಸುತ್ತಿದ್ದ. ಸಿಂಧನೂರು ದಾಟಿದ ಮೇಲೆ ಎರಡೂ ಬದಿಗೆ ಕಾಲುವೆ ನೀರಿನ ಗದ್ದೆಗಳು. ಎರಡನೆಯ ಬೆಳೆಯ ನಾಟಿ ನಡೆದಿತ್ತು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸರು ಸಾಲಾಗಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತಿದ್ದರು. ಇವರ ಮೇಲೆಯೇ ಅಲ್ಲವೇ ಅವಳ ಸಂಶೋಧನೆ ಇದ್ದದ್ದು? ‘ಕಾಲುವೆ ಪ್ರದೇಶದ ಭತ್ತದ ನಾಟಿ ಮತ್ತು ಮಹಿಳಾ ಕೂಲಿ ತಂಡಗಳು.’ ವಿಷಯ ಮಂಜೂರಿಗೆ ಬಂದಾಗ ಕರಿಬಸಯ್ಯ ಆ ಶೀರ್ಷಿಕೆಯನ್ನು ನೋಡಿ, ಇದರಲ್ಲಿ ಸಂಶೋಧಿಸುವುದು ಏನಿದೆ, ಬಗ್ಗುತ್ತಾರೆ, ಸಸಿ ಹಚ್ಚುತ್ತಾರೆ ಎಂದು ಪಕ್ಕದ ಮೇಜಿನವರಿಗೆ ಹೇಳಿ ನಗಿಸಿದ್ದ. ಅವಳ ತಾಯಿ ಗಿರಿಯಮ್ಮ ವಳಕಮದಿನ್ನಿಯಲ್ಲಿ ಅಂಥದೇ ಒಂದು ತಂಡದಲ್ಲಿ ನಾಟಿಗೆ ಹೋಗುವವಳೆಂಬುದು ಆಮೇಲೆ ತಿಳಿಯಿತು. ತಿಳಿದ ಮೇಲೆ ಆ ನಗೆಯನ್ನು ವಾಪಸು ತೆಗೆದುಕೊಳ್ಳಲು ದಾರಿ ಇರಲಿಲ್ಲ. ಕಚೇರಿಗೆ ಬಂದ ಕಾಗದದ ಹಾಗೆ ನಗೆಗೆ ಆವಕ ನಂಬರು ಇರುವುದಿಲ್ಲ, ಎಲ್ಲಿ ಹೋಯಿತೆಂದು ಹುಡುಕುವುದು?

ಅವನಿಗೆ ಅವಳ ಮೇಲೆ ಇದ್ದದ್ದು ದ್ವೇಷವೆಂದರೆ ಆ ಶಬ್ದಕ್ಕೆ ಅವಮಾನ. ದ್ವೇಷಿಸಲು ಒಂದಿಷ್ಟು ದೇಹಬಲ ಬೇಕು. ಇವನದು ಬರೀ ಒಂದು ಕಡ್ಡಿ ಚುಚ್ಚಿದ್ದು. ಒಂದು ದಿನ ಅವನು ಸಂಶೋಧಕರಿಗಾಗಿ ಒಂದು ಸೂಚನೆ ಬರೆದು ಫಲಕಕ್ಕೆ ಅಂಟಿಸಿದ್ದ. ‘ನೋಂದಣಿ ಅವದಿ ಮುಗಿಯುವ ಮುನ್ನ’ ಎಂದು ಅದರಲ್ಲಿತ್ತು. ಹತ್ತು ಹನ್ನೆರಡು ಮಂದಿ ಓದುತ್ತ ನಿಂತಿದ್ದಾಗ ಮಹಾಲಕ್ಷ್ಮಿ ಮುಂದೆ ಬಂದು, ಪೆನ್ನು ತೆಗೆದು, ‘ದ’ದ ಹೊಟ್ಟೆಯ ಕೆಳಗೆ ಒಂದು ಸಣ್ಣ ಗೀಟು ಎಳೆದು ‘ಧ’ ಮಾಡಿದಳು. ಹಿಂದೆ ನಿಂತ ಇವನನ್ನು ಅವಳು ನೋಡಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಕರಿಬಸಯ್ಯ ತಾನೂ ನಕ್ಕ, ಎಲ್ಲರಿಗಿಂತ ಜೋರಾಗಿ ನಕ್ಕ, ಒಳಗೆ ಬಂದು ಕುರ್ಚಿಯಲ್ಲಿ ಕೂತು ಆ ದಿನವೆಲ್ಲ ಏನೂ ಕೆಲಸ ಮಾಡಲಿಲ್ಲ. ಏಕೆಂದರೆ ಅವನು ಸಾಮಾನ್ಯ ಗುಮಾಸ್ತನಲ್ಲ. ವಿಶ್ವವಿದ್ಯಾಲಯದ ‘ಆಡಳಿತ ಕಾರ್ಯವಿಧಾನ ಕೈಪಿಡಿ’ಯ ಅರವತ್ತನಾಲ್ಕು ಪುಟಗಳನ್ನು ಬರೆದವನು ಅವನು. ಹೊದಿಕೆಯ ಮೇಲೆ ಕುಲಸಚಿವರ ಹೆಸರಿತ್ತು, ಮುನ್ನುಡಿಯಲ್ಲಿ ಕುಲಪತಿಗಳ ಭಾವಚಿತ್ರವಿತ್ತು, ಒಳಗಿನ ಒಂದೊಂದು ನಿಯಮವೂ ಕರಿಬಸಯ್ಯನದು. ಮನೆಯಲ್ಲಿ ಹೆಂಡತಿ ಶೇಖರಮ್ಮನಿಗೆ ಅದನ್ನು ಓದಿ ಹೇಳಲು ಹೋದಾಗ ಅವಳು ಎರಡನೆಯ ಪುಟಕ್ಕೆ ತೂಕಡಿಸಿದ್ದಳು. ಪ್ರಪಂಚದಲ್ಲಿ ಆ ಪುಸ್ತಕವನ್ನು ಪೂರ್ತಿ ಓದಿದವರು ಯಾರೂ ಇಲ್ಲವೆಂಬ ಖಾತರಿ ಅವನಿಗೆ ಇದ್ದದ್ದರಿಂದಲೇ, ಅದರ ಕರ್ತೃವಿನ ಒಂದು ಅಕ್ಷರವನ್ನು ಹುಡುಗಿಯೊಬ್ಬಳು ತಿದ್ದಿದ್ದು ಎದೆಯಲ್ಲಿ ಕೂತುಬಿಟ್ಟಿತು.

‘ಸಾಹೇಬ್ರ, ಮಸ್ಕಿಯೊಳಗ ಚಾ ಕುಡಿಯೂಣೇನ್ರಿ?’ ಮೌಲಾಹುಸೇನ ಕೇಳಿದ. ‘ಬ್ಯಾಡೋ, ಹೋಳಿಗಿ ಐತಿ ಅಂದೆನಲ್ಲ’ ಎಂದರು ಹನುಮಂತರಾಯರು. ಗದ್ದೆಗಳು ಹಿಂದೆ ಸರಿದು ತೊಗರಿ, ಜೋಳದ ಒಣ ಹೊಲಗಳು ಶುರುವಾಗಿದ್ದವು. ಮಸ್ಕಿಯ ಬೆಟ್ಟದ ಬಂಡೆಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಬಸ್ ನಿಲ್ದಾಣದ ಮುಂದೆ ಮಗುವನ್ನು ಎತ್ತಿಕೊಂಡು ನಿಂತ ಮುದುಕಿಯೊಬ್ಬಳನ್ನು ಕಂಡು ಕರಿಬಸಯ್ಯ ಮುಖ ತಿರುಗಿಸಿದ. ಯಾರೋ ಬೇರೆ ಮುದುಕಿ.

ಅವಳು ಅರ್ಜಿ ತಂದ ದಿನ ಶುಕ್ರವಾರ. ಸಂಜೆ ಐದು ಗಂಟೆ ಹತ್ತು ನಿಮಿಷ. ಎರಡು ವರ್ಷ ನಾಲ್ಕು ತಿಂಗಳಾದರೂ ಆ ಹತ್ತು ನಿಮಿಷ ಅವನಿಗೆ ಮರೆತಿಲ್ಲ. ಮಹಾಲಕ್ಷ್ಮಿ ಕಿವಿಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದು ಹಿಡಿದು ಒಳಗೆ ಬಂದಳು. ಹೆರಿಗೆಯಾಗಿ ಇಪ್ಪತ್ತೆರಡು ದಿನ. ಹೊರಗೆ ಬೇವಿನ ಗಿಡದ ಕೆಳಗೆ ಗಿರಿಯಮ್ಮ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ನೋಂದಣಿಯ ಅವಧಿ ಅಂದಿಗೇ ಮುಗಿಯುತ್ತಿತ್ತು. ಹೆರಿಗೆಯ ಕಾರಣಕ್ಕೆ ಒಂದು ವರ್ಷ ವಿಸ್ತರಿಸಬೇಕೆಂಬ ಅರ್ಜಿ ತಂದಿದ್ದಳು. ಹನ್ನೊಂದನೆಯ ನಿಯಮದ ಎರಡನೆಯ ಉಪನಿಯಮ: ಸಂಜೆ ಐದೂವರೆಯವರೆಗೆ ಬಂದ ಪತ್ರಗಳಿಗೆ ಅದೇ ದಿನ ಆವಕ ಮುದ್ರೆ ಹಾಕತಕ್ಕದ್ದು. ನಾಲ್ಕನೆಯ ಉಪನಿಯಮ: ಮುದ್ರೆಯ ದಿನಾಂಕವೇ ಅಂತಿಮ. ಎರಡನ್ನೂ ಬರೆದವನು ಕುರ್ಚಿಯಲ್ಲಿ ಕೂತಿದ್ದ, ಮುದ್ರೆ ಮೇಜಿನ ಮೇಲಿತ್ತು, ಮಸಿಯ ಪ್ಯಾಡು ಒಣಗಿರಲಿಲ್ಲ. ‘ಇಟ್ಟು ಹೋಗ್ರಿ, ಆತು’ ಎಂದ. ‘ಇವತ್ತ ಕಡೀ ದಿನರೀ ಸರ್’ ಎಂದಳು ಅವಳು. ‘ಗೊತ್ತೈತ್ರಿ. ಇಟ್ಟು ಹೋಗ್ರಿ ಅಂದೆನಲ್ಲ.’ ಅವಳು ನಂಬಿದಳು. ಎರಡೂ ಕೈ ಮುಗಿದು ಹೋದಳು, ನೆನೆದಾಗ ಅವನಿಗೆ ಅದೇ ಎಲ್ಲಕ್ಕಿಂತ ಕೆಟ್ಟದ್ದೆನಿಸುತ್ತದೆ. ಸೋಮವಾರ ಬೆಳಿಗ್ಗೆ ಅವನು ಅರ್ಜಿಗೆ ಸೋಮವಾರದ ಮುದ್ರೆ ಒತ್ತಿದ. ಒತ್ತುವಾಗ ಏನನ್ನಿಸಿತೆಂದು ಆಮೇಲೆ ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದಾನೆ. ದೊಡ್ಡ ಖಳನ ಹಾಗೆ ಒಳಗೆ ಏನಾದರೂ ಗಹಗಹಿಸಿತೇ? ಇಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಅಡಿಕೆ ಚೂರು ಹೊರಗೆ ಬಂದಷ್ಟು ಸಮಾಧಾನ ಆಗಿತ್ತು, ಅಷ್ಟೇ. ನಾಲ್ಕು ವರ್ಷದ ಕೆಲಸ ಹೋಯಿತು ಅವಳದು. ಇವನದು ಅಡಿಕೆ ಚೂರು.

ಕಾಲೇಜಿನ ಬಾಗಿಲಲ್ಲೇ ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಾಂಶುಪಾಲ ವೀರೇಂದ್ರ ಇಬ್ಬರಿಗೂ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರು. ಹನುಮಂತರಾಯರು ಹಾರ ಹಾಕಿಕೊಂಡೇ ಗ್ರಂಥಾಲಯ, ಪ್ರಯೋಗಾಲಯ ನೋಡಲು ಹೊರಟರು. ಕರಿಬಸಯ್ಯನನ್ನು ಅಧ್ಯಾಪಕರ ಕೋಣೆಗೆ ಕರೆದುಕೊಂಡು ಹೋಗಿ ವೀರೇಂದ್ರ, ‘ದಾಖಲೆ ಎಲ್ಲಾ ನಮ್ಮ ಮಹಾಲಕ್ಷ್ಮಿ ಮೇಡಂ ತೋರಸ್ತಾರ್ರಿ. ಭಾಳ ಚೊಲೊ ಇಟ್ಟಾರ’ ಎಂದು ಬಿಟ್ಟು ಹೋದರು.

ಅವಳು ಎದ್ದು ನಿಂತು ನಮಸ್ಕಾರ ಮಾಡಿದಳು. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಮುಖದಲ್ಲಿ ಏನೂ ಇರಲಿಲ್ಲ, ಅದೇ ಕಷ್ಟ. ಸಿಟ್ಟು ಇದ್ದಿದ್ದರೆ ಅದಕ್ಕೆ ತಕ್ಕ ಮುಖವನ್ನು ಅವನು ಕಾರಿನಲ್ಲೇ ತಯಾರು ಮಾಡಿಕೊಂಡು ಬಂದಿದ್ದ. ಒಂದೂವರೆ ಗಂಟೆ ಅವಳು ಕಡತ ಕೊಡುತ್ತ ಹೋದಳು, ಅವನು ನೋಡುತ್ತ ಹೋದ. ಹಾಜರಿ, ವೇಳಾಪಟ್ಟಿ, ಶೌಚಾಲಯದ ನಕ್ಷೆ, ಬೆಂಕಿ ಆರಿಸುವ ಸಿಲಿಂಡರಿನ ಪ್ರಮಾಣಪತ್ರ. ಪ್ರತಿಯೊಂದಕ್ಕೂ ಪುಟಸಂಖ್ಯೆ, ಪ್ರತಿಯೊಂದಕ್ಕೂ ಸೂಚಿ. ತಾನು ಅವುಗಳಲ್ಲಿ ಒಂದಾದರೂ ತಪ್ಪು ಸಿಗಲೆಂದು ಹುಡುಕುತ್ತಿದ್ದೇನೆಂಬುದು ಅರ್ಧ ಗಂಟೆಯ ಮೇಲೆ ಅವನ ಗಮನಕ್ಕೆ ಬಂತು. ಇನ್ನರ್ಧ ಗಂಟೆ ಹುಡುಕಿದ ಮೇಲೆ, ನಿಲ್ಲಿಸಬೇಕೆಂದು ಅನ್ನಿಸಿತು. ಒಂದೂ ಸಿಕ್ಕಿರಲಿಲ್ಲ. ಶಾಲು ಕುತ್ತಿಗೆಗೆ ಕಡಿಯುತ್ತಿತ್ತು. ಅವಳೆದುರು ತೆಗೆದರೆ ಅಸಭ್ಯ, ಇಟ್ಟುಕೊಂಡರೆ ಹಾಸ್ಯಾಸ್ಪದ ಎಂದು ಯೋಚಿಸುತ್ತ ಹಾಗೇ ಬೆವರಿದ.

ಕೊನೆಯ ಕಡತವನ್ನು ಅವಳು ಕಪಾಟಿಗೆ ಇಡುತ್ತಿದ್ದಾಗ ಅವನು ಕೇಳಿದ, ‘ನನ್ನ ಗುರ್ತು ಸಿಕ್ಕಿತೇನ್ರಿ?’

‘ಸಿಕ್ಕೈತ್ರಿ ಸರ್.’

ಇಲ್ಲಿಂದ ಮುಂದೆ ಅವನ ಬಳಿ ಒಂದು ಭಾಷಣ ಇತ್ತು. ಎರಡು ವರ್ಷದಿಂದ ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಪೂಜೆಗೆ ಕೂತಾಗ ಅದನ್ನು ತಿದ್ದಿ ತಿದ್ದಿ ಇಟ್ಟಿದ್ದ. ಅದರಲ್ಲಿ ಅವನು ತಲೆ ತಗ್ಗಿಸುತ್ತಿದ್ದ, ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು, ‘ಇರ್ಲಿ ಬಿಡ್ರಿ ಸರ್, ಆಗೂದು ಆತು’ ಎನ್ನುತ್ತಿದ್ದಳು. ‘ಅವತ್ತು ನಿಮ್ಮ ಅರ್ಜಿದು... ಹಂಗ ಆಗಬಾರದಿತ್ತು’ ಎಂದು ಶುರು ಮಾಡಿದ.

‘ಹ್ಯಾಂಗ ಆತ್ರಿ ಸರ್?’

ಭಾಷಣದಲ್ಲಿ ಪ್ರಶ್ನೆಗೆ ಜಾಗ ಇರಲಿಲ್ಲ. ‘ನೀವು ಶುಕ್ರವಾರನ ತಂದಿದ್ರಿ. ಟೈಮಿನೊಳಗ ತಂದಿದ್ರಿ. ನನಗ ಗೊತ್ತೈತಿ.’

ಅವಳು ಕಪಾಟಿನ ಬಾಗಿಲು ಹಾಕಿ, ಕೀಲಿ ತಿರುವಿ, ಎದುರಿನ ಕುರ್ಚಿಯಲ್ಲಿ ಕೂತಳು. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ‘ಇದನ್ನ ಬರದು ಕೊಡ್ರಿ ಸರ್’ ಎಂದಳು.

‘ಅಲ್ಲಮ್ಮಾ, ಬಾಯಿಲೆ ಹೇಳಿದೆನಲ್ಲ...’

‘ಬಾಯಿಲೆ ಹೇಳಿದ್ದನ್ನ ಯಾವ ಕಡತಕ್ಕ ಹಚ್ಚಲಿ? ನಿಮ್ಮ ಕೈಪಿಡಿಯೊಳಗ ಹನ್ನೊಂದರ ಆರು ಐತಲ್ರಿ. ಕಚೇರಿಯ ಲೋಪ ಬರವಣಿಗೀಲೆ ರುಜುವಾತಾದ್ರ, ಮೂರು ವರ್ಷದೊಳಗ ರದ್ದಾದ ನೋಂದಣಿ ಮತ್ತ ಜೀವಂತ ಮಾಡಬಹುದು ಅಂತ. ನಂದು ಇನ್ನ ಎಂಟು ತಿಂಗಳು ಐತಿ. ನಾ ಎರಡು ಸಲ ಅರ್ಜಿ ಹಾಕೀನಿ. ಪುರಾವೆ ಕೊಡು ಅಂತಾರ. ಎಲ್ಲಿಂದ ಕೊಡಲಿ?’

ಆ ಹೊತ್ತಿಗೆ ಕರಿಬಸಯ್ಯನ ಎದೆಯಲ್ಲಿ ಎದ್ದದ್ದು ಭಯವಲ್ಲ. ಪಶ್ಚಾತ್ತಾಪವೂ ಅಲ್ಲ. ಅದನ್ನು ನೆನೆದಾಗ ಅವನಿಗೆ ಈಗಲೂ ನಾಚಿಕೆಯಾಗುತ್ತದೆ. ಅವನಿಗೆ ಸಂತೋಷವಾಗಿತ್ತು. ‘ಕೈಪಿಡಿ ಪೂರಾ ಓದೀರೇನ್ರಿ?’ ಎಂದು ಕೇಳಿದ.

‘ಎರಡು ಸಲರೀ. ಕೂಸಿಗೆ ಹಾಲು ಕುಡಸ್ಕೋತ ಓದೀನಿ. ಯಾರ ಬರದಾರೋ ಗೊತ್ತಿಲ್ಲ, ಖರೇನ ಚೊಲೊ ಬರದಾರ. ಒಂದೂ ಮಾತು ಹೆಚ್ಚಿಲ್ಲ.’

‘ನಾನೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಇಷ್ಟು ವರ್ಷ ಯಾರೂ ಹೇಳದ ಮಾತನ್ನು ಹೇಳಿದ್ದಾಳೆ, ಹೇಳಿದವಳು ಇವಳು, ಈ ಗಳಿಗೆಯಲ್ಲಿ! ಆ ಪುಸ್ತಕಕ್ಕೆ ‘ನಾನೇ’ ಎನ್ನಲು ಎಷ್ಟು ಆತುರ. ಅವನು ಬಾಯಿ ಮುಚ್ಚಿಕೊಂಡು, ಅವಳು ಮುಂದಿಟ್ಟ ಬಿಳಿ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಬರೆಯಲೇಬೇಕೇ? ಬರೆದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಶಿಸ್ತುಕ್ರಮದ ಅಧ್ಯಾಯವೂ ಅವನದೇ. ಬರೆಯದೆ ಎದ್ದು ಹೋದರೂ ಅವಳು ತಡೆಯುವುದಿಲ್ಲ. ಪಕ್ಕದ ಕೋಣೆಯಿಂದ ಹೋಳಿಗೆಯ ತುಪ್ಪದ ವಾಸನೆ ಬರುತ್ತಿತ್ತು. ತಾನು ಹೆದರಿದ್ದೇನೆಂದು ತೋರಬಾರದೆಂಬ ಒಂದೇ ಕಾರಣಕ್ಕೆ ಅವನು ಪೆನ್ನಿನ ಮುಚ್ಚಳ ತೆಗೆದ. ತೆಗೆದ ಮೇಲೆ ಕೈ ತಾನಾಗಿ ಓಡಿತು:

‘ಸದರಿ ಅಭ್ಯರ್ಥಿಯಿಂದ ಅವಧಿಯ ಕೊನೆಯ ದಿನವಾದ ಶುಕ್ರವಾರ ಸಂಜೆ ೫.೧೦ಕ್ಕೆ ಸಲ್ಲಿಸಲಾದ ಅರ್ಜಿಗೆ ಅಂದೇ ಆವಕ ಮುದ್ರೆಯನ್ನು ಹಾಕಲಾಗಿರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.’

ಅವಳು ಓದಿದಳು. ‘ಯಾರು ಹಾಕಲಿಲ್ಲರೀ?’

‘ಕಚೇರಿಯಿಂದ ಹಾಕಿಲ್ಲ ಅಂತ ಅರ್ಥ ಅದು.’

‘ಕಚೇರಿಗೆ ಕೈ ಅದಾವೇನ್ರಿ ಸರ್?’

ಇನ್ನೊಂದು ಹಾಳೆ. ‘ಸಂಬಂಧಪಟ್ಟ ಅಧೀಕ್ಷಕರಿಂದ ಮುದ್ರೆ ಹಾಕಲ್ಪಟ್ಟಿರುವುದಿಲ್ಲ.’ ಅವಳು ಅದನ್ನೂ ಓದಿದಳು, ಬಹಳ ಹೊತ್ತು ಓದಿದಳು. ‘ಇವರು ಯಾರ್ರಿ? ಇವರ ಹೆಸರೇನು?’ ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ತರಗತಿಯಲ್ಲಿ ದಡ್ಡ ಹುಡುಗನೊಬ್ಬನನ್ನು ಕೂರಿಸಿಕೊಂಡು ಕೇಳುವ ಹಾಗೆ ಕೇಳಿದಳು. ಮೂರನೆಯ ಹಾಳೆಯ ಮೇಲೆ ಕರಿಬಸಯ್ಯ ಬಹಳ ಹೊತ್ತು ಪೆನ್ನು ಊರಿ ಕೂತ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಕಚೇರಿಯ ಕಾಗದದಲ್ಲಿ ಅವನು ಆ ಶಬ್ದವನ್ನು ಒಂದು ಸಲವೂ ಬರೆದಿರಲಿಲ್ಲ. ಎಲ್ಲವೂ ಮಾಡಲಾಗಿತ್ತು, ನೀಡಲಾಗಿತ್ತು, ತಿರಸ್ಕರಿಸಲಾಗಿತ್ತು. ಮಾಡಿದವನು ಸಂಜೆ ಐದೂವರೆಗೆ ಬುತ್ತಿಡಬ್ಬಿ ತೊಳೆದುಕೊಂಡು ಮನೆಗೆ ಹೋಗುತ್ತಿದ್ದ. ‘ನಾನು’ ಎಂದು ಬರೆದ. ಬರೆದ ಮೇಲೆ ಅದು ಬೇರೆ ಯಾರದೋ ಕೈಬರಹದ ಹಾಗೆ ಕಂಡಿತು. ‘ನಾನು, ಕರಿಬಸಯ್ಯ, ಅರ್ಜಿಯನ್ನು ಶುಕ್ರವಾರ ಕೈಯಲ್ಲಿ ತೆಗೆದುಕೊಂಡು, ಮುದ್ರೆ ಎದುರಿಗೇ ಇದ್ದರೂ ಬೇಕೆಂದೇ ಹಾಕಲಿಲ್ಲ. ಸೋಮವಾರ ಹಾಕಿದೆ.’

‘ಯಾಕ ಅಂತನೂ ಬರೀರಿ’ ಎಂದಳು. ‘ಕೇಳತಾರ.’

‘ನೀವು ನೋಟೀಸ್ ಬೋರ್ಡಿನ ಮ್ಯಾಲೆ... ಅವಧಿ ಅಂತ ತಿದ್ದಿದ್ರಿ. ನಾ ಹಿಂದ ನಿಂತಿದ್ದೆ. ಎಲ್ಲಾರೂ ನಕ್ಕರು.’

ಮಹಾಲಕ್ಷ್ಮಿ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡಳು. ನಿಜಕ್ಕೂ ಪ್ರಯತ್ನ ಮಾಡಿದಳು. ‘ಯಾವ ನೋಟೀಸ್ರಿ?’ ಎಂದಳು. ಅವಳಿಗೆ ನೆನಪಿರಲಿಲ್ಲ. ಅವನು ಎರಡೂವರೆ ವರ್ಷ ಹೊತ್ತು ತಿರುಗಿದ್ದು ಅವಳ ಲೆಕ್ಕದಲ್ಲಿ ನಡೆದೇ ಇರಲಿಲ್ಲ. ಆಮೇಲೆ ಅರ್ಥವಾಗತೊಡಗಿದ ಹಾಗೆ ಅವಳ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಈ ಇಡೀ ದಿನದಲ್ಲಿ ಅವಳಿಗೆ ಸಿಟ್ಟು ಬಂದದ್ದನ್ನು ಅವನು ನೋಡಿದ್ದು ಅದೊಂದೇ ಸಲ. ‘ಇಷ್ಟಕ್ಕೇನ್ರಿ?’ ಎಂದಳು. ‘ನನ್ನ ಗಂಡನ ಮನ್ಯಾಗ ನಾ ಓದೂದು ಬ್ಯಾಡ ಅಂತಿದ್ರು, ಅವರ ಪೈಕಿ ಯಾರರೆ ಹೇಳಿ ಮಾಡ್ಸ್ಯಾರೇನೋ ಅನ್ಕೊಂಡಿದ್ದೆ. ನನ್ನ ಅವ್ವ ನಾಟಿ ಬಿಟ್ಟು ಕೂಸು ಹಿಡಕೊಂಡು ಕುಂತಿದ್ಲು ಆ ಗಿಡದ ಬುಡಕ. ಇಷ್ಟಕ್ಕೇನು?’

‘ಇಷ್ಟಕ್ಕರೀ’ ಎಂದ ಅವನು.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ‘ಅದನ್ನ ಬರೀಬ್ಯಾಡ್ರಿ. ಬರದ್ರ ಯಾರೂ ನಂಬಂಗಿಲ್ಲ’ ಎಂದಳು. ‘ತಾರೀಖು ಹಾಕಿ ಸಹಿ ಮಾಡ್ರಿ.’ ಅವನು ಮಾಡಿದ. ಅವಳು ಹಾಳೆಯನ್ನು ಮಡಚದೆ ಒಂದು ಪ್ಲಾಸ್ಟಿಕ್ ಫೈಲಿನೊಳಗೆ ಇಟ್ಟು, ‘ಊಟಕ್ಕ ಬರ್ರಿ, ಕರಿಯಾಕತ್ತಾರ’ ಎಂದು ಎದ್ದಳು. ಕ್ಷಮಿಸಿದೆ ಎಂಬಂಥ ಯಾವ ಮಾತೂ ಬರಲಿಲ್ಲ. ಅವನು ಎರಡು ಹೋಳಿಗೆ ತಿಂದ. ಮೂರನೆಯದನ್ನು ಬೇಡವೆಂದದ್ದಕ್ಕೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಪಟ್ಟುಕೊಂಡ.

ವಾಪಸು ಬರುವಾಗ ಕಾರಿನಲ್ಲಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಒಳ್ಳೆಯ ಕೆಲಸವೊಂದನ್ನು ಮಾಡಿ ಯಾರಿಗೂ ಹೇಳದೆ ಮಸ್ಕಿ ದಾಟುವಷ್ಟು ದೊಡ್ಡ ಮನುಷ್ಯ ಅವನಾಗಿರಲಿಲ್ಲ. ಹೇಳಿದ. ಹನುಮಂತರಾಯರ ಹೋಳಿಗೆಯ ನಿದ್ದೆ ಹಾರಿತು.

‘ತಲಿ ಕೆಟ್ಟೈತೇನ್ರಿ ನಿಮಗ? ಬರದು ಕೊಟ್ರಿ? ಸಹಿ ಮಾಡಿ? ಆಕಿ ಅದನ್ನ ಹಿಡಕೊಂಡು ಕೋರ್ಟಿಗೆ ಹೋದ್ರ ವಿಶ್ವವಿದ್ಯಾಲಯದ ಮಾನ ಏನಾಗತೈತಿ? ಏ ಮೌಲಾ, ಗಾಡಿ ತಿರುವು. ಇಸಗೊಂಡು ಬರೂಣು. ಅವರ ಮಾನ್ಯತೆ ನಮ್ಮ ಕೈಯಾಗ ಐತಿ. ಪ್ರಿನ್ಸಿಪಾಲಗ ಒಂದು ಮಾತು ಹೇಳಿದ್ರ ಆಕಿ ತಾನ ತಂದು ಕೊಡ್ತಾಳ.’

ಮೌಲಾಹುಸೇನ ಗಾಡಿಯನ್ನು ಬದಿಗೆ ತೆಗೆದು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದ. ಅದು ಮಸ್ಕಿಯ ಬಸ್ ನಿಲ್ದಾಣದ ಹತ್ತಿರವೇ. ಕರಿಬಸಯ್ಯನಿಗೆ ಆ ಸೂಚನೆ ಎಷ್ಟು ಸುಲಭ, ಎಷ್ಟು ಹಿತ ಎನ್ನಿಸಿತು. ಕಾಗದ ವಾಪಸು ಬರುತ್ತದೆ, ತಾನು ಮಾತ್ರ ಬರೆದುಕೊಟ್ಟ ಧೀರನಾಗಿ ಉಳಿಯುತ್ತೇನೆ. ಹಿರಿಯರು ಕಸಿದುಕೊಂಡರು, ನಾನೇನು ಮಾಡಲಿ ಎಂದು ಇನ್ನೊಂದು ಭಾಷಣಕ್ಕೆ ಸ್ನಾನದ ಮನೆಯಲ್ಲಿ ಜಾಗವೂ ಇದೆ. ಈ ಲೆಕ್ಕವನ್ನು ತನ್ನ ಮನಸ್ಸು ಎಷ್ಟು ಬೇಗ ಮಾಡಿತೆಂದು ಕಂಡು ಅವನಿಗೇ ಹೇಸಿಕೆಯಾಯಿತು. ‘ಸರ್, ವರದಿಗೆ ನನ್ನ ಸಹಿ ಬೇಕಲ್ರಿ’ ಎಂದ. ‘ಕಾಗದಪತ್ರ ಎಲ್ಲಾ ಸರಿ ಅದಾವ ಅಂತ ನಾ ಬರದೀನಿ. ನೀವು ತಿರುಗಿ ಹೋದ್ರ, ಯಾಕ ಹೋದ್ರಿ ಅನ್ನೂದನ್ನೂ ಬರೀಬೇಕಾಗತೈತ್ರಿ.’

ಹನುಮಂತರಾಯರು ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು. ‘ಬರೀಬೇಕಾಗತೈತಿ, ಬರೀಬೇಕಾಗತೈತಿ. ಇವತ್ತೇನು ಕೈಗೆ ದೆವ್ವ ಹೊಕ್ಕೈತೇನ್ರಿ? ಇಳೀರಿ ಕೆಳಗ. ಬಸ್ಸಿಗೆ ಬರ್ರಿ’ ಎಂದರು. ಅವನು ಇಳಿದ. ಕಾರು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಅದು ಸಿಂಧನೂರಿನ ಕಡೆಗೇ ಹೊರಟಿತೆಂದು ಖಾತ್ರಿಯಾಗುವವರೆಗೆ ಕರಿಬಸಯ್ಯ ರಸ್ತೆಯ ಅಂಚಿನಿಂದ ಕದಲಲಿಲ್ಲ.

ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ನಿಲ್ದಾಣದಲ್ಲಿದ್ದವರೆಲ್ಲ ನೋಡುತ್ತಿದ್ದಾರೆಂದು ಆಗ ತಿಳಿಯಿತು. ಪರಿಚಯದ ರೈತ ಮಾಳಿಂಗಪ್ಪ ಹತ್ತಿರ ಬಂದು ಕಾಲು ಮುಟ್ಟಿ ನಮಸ್ಕರಿಸಿ, ‘ಏನ್ ಅಯ್ಯನೋರ, ರಿಟೈರ್ ಆದ್ರೇನ್ರಿ?’ ಎಂದು ಕೇಳಿದ.

‘ಇನ್ನೂ ಇಲ್ಲೋ ಮಾರಾಯಾ.’

‘ಮತ್ತ ಸನ್ಮಾನ ಯಾಕ್ರೀ?’

ಕರಿಬಸಯ್ಯ ಬುಟ್ಟಿಗೆ ಕೈ ಹಾಕಿದ. ಅವನಿಗೊಂದು ಸೇಬು ಕೊಟ್ಟು, ಲಿಂಗಸುಗೂರಿನಿಂದ ಬಂದ ಬಸ್ಸು ಹತ್ತಿದ. ಸಿಂಧನೂರಿನವರೆಗೆ ನಿಂತೇ ಬಂದ. ಮನೆಯಲ್ಲಿ ಶೇಖರಮ್ಮ ಎಲ್ಲವನ್ನೂ ಕೇಳಿಸಿಕೊಂಡು, ‘ಎರಡು ವರ್ಷ ನನಗ್ಯಾಕ ಹೇಳಲಿಲ್ಲ?’ ಎಂದಳು. ಅವನು ಬರೆದುಕೊಟ್ಟ ಧೈರ್ಯದ ಬಗ್ಗೆ ಅವಳು ಏನಾದರೂ ಹೇಳುತ್ತಾಳೆಂದು ಮಲಗುವವರೆಗೆ ಕಾದ. ಅವಳು ದೀಪ ಆರಿಸಿ, ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮಹಾಲಕ್ಷ್ಮಿ ಕೋರ್ಟಿಗೆ ಹೋಗಲಿಲ್ಲ. ಪತ್ರದ ನಕಲು ಹಚ್ಚಿ ಮೂರನೆಯ ಸಲ ಅರ್ಜಿ ಹಾಕಿದಳು. ವಿಶ್ವವಿದ್ಯಾಲಯದ ವಕೀಲರು ಅದನ್ನು ನೋಡಿ ಬೇರೆ ದಾರಿಯಿಲ್ಲ ಎಂದರು. ಎರಡು ತಿಂಗಳಲ್ಲಿ ಅವಳ ನೋಂದಣಿ ಮತ್ತೆ ಊರ್ಜಿತವಾಯಿತು, ಪ್ರಬಂಧ ಮುಗಿಸಲು ಒಂದು ವರ್ಷ ಸಿಕ್ಕಿತು. ಅವಳು ಫೋನು ಮಾಡಬಹುದೆಂದು ಅವನು ಕೆಲವು ವಾರ ಕಾದ, ‘ನಂದೇನಿಲ್ರಿ, ನಿಯಮ ಇತ್ತು’ ಎಂಬ ವಿನಯದ ಮಾತನ್ನು ಸಿದ್ಧಪಡಿಸಿಟ್ಟುಕೊಂಡೇ ಕಾದ. ಮಾಡಲಿಲ್ಲ. ಅವಳಿಗೆ ಬರೆಯುವ ಕೆಲಸವಿತ್ತು. ಅವನ ಮೇಲೆ ವಿಚಾರಣೆ ಶುರುವಾಯಿತು. ಅದರ ಫಲವಾಗಿ ಮುಂದೆ ಅವನ ಒಂದು ವರ್ಷದ ವೇತನ ಬಡ್ತಿ ನಿಂತಿತು, ಸಂಶೋಧನಾ ವಿಭಾಗದಿಂದ ಹಳೆಯ ಉತ್ತರಪತ್ರಿಕೆಗಳ ಗೋದಾಮಿಗೆ ವರ್ಗವಾಯಿತು.

ವಿಚಾರಣಾಧಿಕಾರಿ ರೇಣುಕಾದೇವಿ ಎಂಬ ನಿವೃತ್ತ ಅಧಿಕಾರಿ. ವಿಚಾರಣೆಯ ದಿನ ಬೆಳಿಗ್ಗೆಯಿಂದ ಮೂವತ್ತು ಪ್ರಶ್ನೆ ಕೇಳಿ ದಣಿದಿದ್ದರು. ‘ಬರದು ಕೊಡು ಅಂತ ಯಾರರೆ ಒತ್ತಡ ಹಾಕಿದ್ರೇನ್ರಿ?’

‘ಇಲ್ರಿ ಮೇಡಂ.’

‘ಏನರೆ ಆಸೆ ತೋರಿಸಿದ್ರೇನು?’

‘ಇಲ್ರಿ. ಹೋಳಿಗಿ ಊಟ ಹಾಕಿದ್ರು. ಅದು ಬರದ ಮ್ಯಾಲೆ.’

‘ಹಂಗಾರ ಯಾಕ ಬರದು ಕೊಟ್ರಿ? ನಿಮಗ ಗೊತ್ತಿತ್ತಲ್ಲ, ಇದು ಹಿಂಗ ಆಗತೈತಿ ಅಂತ.’

ಈ ಪ್ರಶ್ನೆಗೆ ಅವನ ಕಿಸೆಯಲ್ಲಿ ನಾಲ್ಕು ಪುಟದ ಉತ್ತರವಿತ್ತು. ಆತ್ಮಸಾಕ್ಷಿ, ಸಹಜ ನ್ಯಾಯ, ಸಾರ್ವಜನಿಕ ಸೇವೆ ಎಲ್ಲ ಇತ್ತು ಅದರಲ್ಲಿ. ಮೂರು ದಿನ ಕೂತು ಬರೆದದ್ದು. ಕೈ ಕಿಸೆಯವರೆಗೆ ಹೋಗಿ ಅಲ್ಲೇ ನಿಂತಿತು. ‘ಆಕಿ ಕೇಳಿದ್ಲರೀ’ ಎಂದ.

‘ಕೇಳಿದ್ರ ಬರದು ಕೊಟ್ಟು ಬಿಡ್ತೀರೇನು?’

‘ಹಿಂದ ಯಾರೂ ಕೇಳಿದ್ದಿಲ್ಲರೀ.’

ರೇಣುಕಾದೇವಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಬೆರಳಚ್ಚಿನವಳ ಕಡೆಗೆ ತಿರುಗಿ ಹೇಳಿ ಬರೆಸಿದರು: ‘ಈ ಪ್ರಶ್ನೆಗೆ ಆಪಾದಿತರಿಂದ ಸಮರ್ಪಕ ಉತ್ತರ ನೀಡಲಾಗಿರುವುದಿಲ್ಲ.’ ಹಾಳೆ ಸಹಿಗೆ ಅವನ ಮುಂದೆ ಬಂತು. ವಾಕ್ಯ ಶುದ್ಧವಾಗಿತ್ತು, ಅವನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದ. ಸಹಿ ಮಾಡಲು ಬಗ್ಗಿದವನು ತಲೆ ಎತ್ತಿದ.

‘ಮೇಡಂ, ಈ ಒಂದು ಸಾಲು ತಿದ್ದಸ್ರಿ.’

‘ಏನಂತ?’

‘ಅವರು ಕೇಳಿದರು, ನಾನು ಬರೆದುಕೊಟ್ಟೆ. ಅಷ್ಟ.’

‘ಇದರಿಂದ ನಿಮಗ ಶಿಕ್ಷಾ ಏನೂ ಕಡಿಮಿ ಆಗಂಗಿಲ್ಲ ನೋಡ್ರಿ.’

‘ಗೊತ್ತೈತ್ರಿ. ಆ ಅಧ್ಯಾಯನೂ ನಾನ ಬರದೀನಿ.’

ಬೆರಳಚ್ಚಿನವಳು ಬೇಸರದಿಂದ ಇನ್ನೊಂದು ಹಾಳೆ ಹಾಕಿದಳು. ಅವಳು ಆ ಸಾಲಿಗೆ ಬರುವವರೆಗೆ ಕರಿಬಸಯ್ಯ ಅವಳ ಹಿಂದೆ, ಭುಜದ ಮೇಲಿಂದ ಬಗ್ಗಿ ನೋಡುತ್ತ ನಿಂತುಕೊಂಡ.